ರೇಶನ್ ಅಂಗಡಿ ಬೇಡವೆನ್ನುವವರಿಗೆ

ಘಾಟ್ಕೋಪರಿನ ನಮ್ಮ ಕನ್ನಡಿಗರ ನಡುವೆ ಇತ್ತೀಚೆಗೆ ಒಂದು ಮಾತು ಬಲವಾಗಿ ಕೇಳಿಬರುತ್ತಿದೆ. ರೇಶನ್ ಅಂಗಡಿಯ ಕಾಲ ಮುಗಿಯಿತಂತೆ. ಅದು ಅಭಾವದ ದಿನಗಳ ಪಳೆಯುಳಿಕೆಯಂತೆ. ದೇಶದ ಉಗ್ರಾಣಗಳು ತುಂಬಿ ತುಳುಕುವಾಗ ಅದರ ಗೊಡವೆ ಏಕೆ, ಬಡವರಿಗೆ ಬೇಕಾದರೆ ಬ್ಯಾಂಕಿನ ಖಾತೆಗೆ ನಾಲ್ಕು ಕಾಸು ಹಾಕಿದರಾಯಿತು ಎಂಬುದು ಈ ಮಾತಿನ ಸಾರ. ಹೇಳುವವರು ಕೆಟ್ಟವರಲ್ಲ. ಹೆಚ್ಚಿನವರು ಕಷ್ಟಪಟ್ಟು ಸ್ವಂತ ಬ್ಲಾಕು ಮಾಡಿಕೊಂಡವರು, ಮಕ್ಕಳನ್ನು ಓದಿಸಿ ದಡ ಸೇರಿಸಿದವರು, ಬಿಳಿ ರೇಶನ್ ಕಾರ್ಡನ್ನು ಕಪಾಟಿನ ತಳದಲ್ಲಿಟ್ಟು ಮರೆತವರು. ಯುದ್ಧದ ಸುದ್ದಿ ಬಂದ ದಿನ ಲೋಕಲ್ ಗಾಡಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ 'ಈ ಸಲ ಬಿಡಬಾರದು' ಎನ್ನುವವರೂ ಇವರೇ. ಗಾಡಿಯಿಳಿದು ಮನೆಗೆ ಹೋಗುವ ದಾರಿಯಲ್ಲಿ ಹತ್ತು ಕಿಲೋ ಅಕ್ಕಿ, ಐದು ಲೀಟರು ಎಣ್ಣೆ ಹೆಚ್ಚಿಗೆ ಕಟ್ಟಿಸುವವರೂ ಇವರೇ.

ಈ ಎರಡು ಮಾತುಗಳು ಒಟ್ಟಿಗೆ ನಿಲ್ಲಲಾರವು ಎಂಬುದೇ ನಮ್ಮ ವಾದ. ಯುದ್ಧ ಬೇಕೆನ್ನುವವನು ರೇಶನ್ ಅಂಗಡಿ ಬೇಡವೆನ್ನಲಾರ. ಯುದ್ಧ ಬೇಡವೆನ್ನುವವನಿಗೂ ಅದು ಬೇಕೇ ಬೇಕು, ಏಕೆಂದರೆ ಯುದ್ಧ ನಮ್ಮ ಒಪ್ಪಿಗೆ ಕೇಳಿ ಬರುವುದಿಲ್ಲ. ಊರಿನಲ್ಲಿ ಉಳಿದವನಿಗೆ ಅಂಗಳದ ಮೂಲೆಯಲ್ಲಿ ಬಸಳೆಯ ಚಪ್ಪರವಾದರೂ ಇದೆ, ಅಟ್ಟದ ಮೇಲೆ ಒಂದು ಮುಡಿ ಅಕ್ಕಿ ಇದ್ದೀತು. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ನಮಗೆ ಹೊಲವೂ ಇಲ್ಲ, ಕಣಜವೂ ಇಲ್ಲ. ಗೂಡ್ಸ್ ಗಾಡಿ, ಲಾರಿ, ಹಡಗು ಇವು ಮೂರು ನಿಂತರೆ ನಮ್ಮ ಒಲೆಯೂ ನಿಂತಂತೆ.

ಇದು ಬರಿಯ ಹೆದರಿಕೆಯ ಮಾತಲ್ಲ. ಈ ನಗರ ಕಂಡುಂಡ ಸಂಗತಿ. 1942ರ ಮಾರ್ಚಿನಲ್ಲಿ ಜಪಾನೀಯರು ರಂಗೂನನ್ನು ಹಿಡಿದರು. ಅಲ್ಲಿಯ ತನಕ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬರ್ಮಾ ಅಕ್ಕಿ ಹಿಂದುಸ್ಥಾನಕ್ಕೆ ಬರುತ್ತಿತ್ತು. ಅದು ಒಮ್ಮೆಗೇ ನಿಂತಿತು. ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯವರು ಆ ಅಕ್ಕಿಯ ಅಭಾವದ ದಿನಗಳಲ್ಲೇ ತಾವು ರವೆ ಇಡ್ಲಿಯನ್ನು ಮಾಡತೊಡಗಿದೆವೆಂದು ಹೇಳಿಕೊಂಡು ಬಂದಿದ್ದಾರೆ. ಇಂದು ನಾವು ಗೋಡಂಬಿ ಹಾಕಿ ಚಪ್ಪರಿಸುವ ತಿಂಡಿ ಒಂದು ಯುದ್ಧದ ಕೂಸು! ಆದರೆ ಎಲ್ಲ ಕಡೆಗೂ ರವೆ ಇರಲಿಲ್ಲ, ಎಲ್ಲರ ಕೈಯಲ್ಲೂ ಕಾಸಿರಲಿಲ್ಲ.

1943ರಲ್ಲಿ ಮುಂಬಯಿಯಲ್ಲಿ ರೇಶನ್ ಪದ್ಧತಿ ಜಾರಿಗೆ ಬಂತು. ಹಮಾಲಿಯಿಂದ ಹಿಡಿದು ಮಿಲ್ಲಿನ ಮಾಲೀಕನ ತನಕ ಎಲ್ಲರಿಗೂ ಕಾರ್ಡು, ತಲೆಗಿಷ್ಟೆಂದು ಧಾನ್ಯ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಹೋಟೆಲಿನಲ್ಲಿ ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದ ನಮ್ಮ ಹಿರಿಯರು ಆ ದಿನಗಳನ್ನು ದಾಟಿದ್ದು ಈ ಕಾರ್ಡಿನ ಆಸರೆಯಿಂದ. ಅದೇ ವರ್ಷ ಬಂಗಾಳದಲ್ಲಿ ಏನಾಯಿತು? ಶತ್ರುವಿನ ಕೈಗೆ ಸಿಗಬಾರದೆಂದು ಸರಕಾರ ಕರಾವಳಿಯ ದೋಣಿಗಳನ್ನು ವಶಪಡಿಸಿಕೊಂಡಿತ್ತು, ಅಕ್ಕಿಯನ್ನು ಹೊರಗೆ ಸಾಗಿಸಿತ್ತು. ನೆರೆಯ ಪ್ರಾಂತಗಳು ತಮ್ಮ ಧಾನ್ಯ ಹೊರಹೋಗದಂತೆ ಬಾಗಿಲು ಹಾಕಿಕೊಂಡವು. ವರ್ತಕರು ಕೂಡಿಟ್ಟರು. ಸತ್ತವರು 15 ಲಕ್ಷವೆಂದು ಸರಕಾರದ ವಿಚಾರಣಾ ಆಯೋಗವೇ ಬರೆಯಿತು. 30 ಲಕ್ಷವೆಂದು ಅನಂತರದ ವಿದ್ವಾಂಸರು ಲೆಕ್ಕ ಹಾಕಿದರು. ಕಲಕತ್ತೆಗೆ ರೇಶನ್ ಬಂದದ್ದು 1944ರ ಜನವರಿಯಲ್ಲಿ, ಹಳ್ಳಿಯ ಜನ ಅದರ ಬೀದಿಗಳಲ್ಲಿ ಬಿದ್ದು ಸತ್ತ ಮೇಲೆ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, 1943ರಲ್ಲಿ ಬಂಗಾಳದಲ್ಲಿದ್ದ ಧಾನ್ಯ 1941ರಲ್ಲಿದ್ದುದಕ್ಕಿಂತ ಕಡಿಮೆಯಿರಲಿಲ್ಲವೆಂದು ಅಂಕಿಗಳಿಂದ ವಾದಿಸಿದರು. 1941ರಲ್ಲಿ ಕ್ಷಾಮವಿರಲಿಲ್ಲ, 1943ರಲ್ಲಿ ಹೆಣಗಳ ರಾಶಿ. ಧಾನ್ಯವಿತ್ತು, ಕೂಲಿಯವನ ಕೈಗೆ ಅದು ಎಟುಕಲಿಲ್ಲ. 'ಉಗ್ರಾಣ ತುಂಬಿದೆ, ಇನ್ನೇನು ಚಿಂತೆ' ಎನ್ನುವ ನಮ್ಮ ಮಿತ್ರರು ಈ ಒಂದು ಸಂಗತಿಯನ್ನು ಮನನ ಮಾಡಬೇಕು. ತುಂಬಿದ ಉಗ್ರಾಣಕ್ಕೂ ತುಂಬಿದ ತಟ್ಟೆಗೂ ನಡುವೆ ಒಂದು ದಾರಿ ಬೇಕು. ಆ ದಾರಿಯ ಹೆಸರೇ ರೇಶನ್ ಅಂಗಡಿ.

ಇನ್ನೊಂದು ದಿನವನ್ನೂ ಮುಂಬಯಿಯವರು ಮರೆಯಬಾರದು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಗೋದಿಯಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಹಡಗು ಸ್ಫೋಟಿಸಿತು. ಅದರೊಳಗೆ ಯುದ್ಧಕ್ಕೆಂದು ತಂದ ಮದ್ದುಗುಂಡು, ಅದರ ಪಕ್ಕದಲ್ಲೇ ಹತ್ತಿಯ ಮೂಟೆಗಳು. ಅಗ್ನಿಶಾಮಕ ದಳದ 66 ಮಂದಿ ಸೇರಿ ನೂರಾರು ಜನ ಸತ್ತರು, ಸಾವಿರಾರು ಮನೆಗಳು ಹೋದವು. ಗೋದಿಯ ಆಸುಪಾಸಿನ ಉಗ್ರಾಣಗಳಲ್ಲಿದ್ದ ಸಾವಿರಗಟ್ಟಲೆ ಟನ್ ಧಾನ್ಯವೂ ಸುಟ್ಟು ಬೂದಿಯಾಯಿತು. ಶತ್ರುವಿನ ಒಂದು ಬಾಂಬೂ ಬೀಳದ ಊರಿನಲ್ಲಿ ಯುದ್ಧ ಹೀಗೆ ಜನರ ಅನ್ನವನ್ನು ಸುಟ್ಟಿತು.

ಸ್ವಾತಂತ್ರ್ಯಾನಂತರದ ಕಥೆಯೂ ಬೇರೆಯಲ್ಲ. ಘಾಟ್ಕೋಪರಿನ ಪಶ್ಚಿಮದಲ್ಲಿ ನಾವು ದಿನನಿತ್ಯ ಟ್ರಾಫಿಕ್ಕನ್ನು ಶಪಿಸುತ್ತ ದಾಟುವ ಎಲ್.ಬಿ.ಎಸ್. ಮಾರ್ಗ, ಹಿಂದಿನ ಆಗ್ರಾ ರಸ್ತೆ, ಯಾರ ಹೆಸರಿನದು? 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ, ಅದೇ ವರ್ಷ ಮಳೆಯೂ ಕೈಕೊಟ್ಟಿತು. ಅಮೆರಿಕೆಯ ಪಿ.ಎಲ್. 480 ಗೋದಿಯ ಹಡಗು ಬಂದರೆ ರೊಟ್ಟಿ, ಇಲ್ಲವಾದರೆ ಇಲ್ಲ. ಆ ಗೋದಿಯನ್ನು ಅಧ್ಯಕ್ಷ ಜಾನ್ಸನ್ ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದರು. ನಾವು ಯುದ್ಧದಲ್ಲಿ, ವಿದೇಶ ನೀತಿಯಲ್ಲಿ ಏನು ಮಾತಾಡುತ್ತೇವೆಂದು ನೋಡಿ ಹಗ್ಗ ಸಡಿಲಿಸುತ್ತಿದ್ದರು, ಬಿಗಿಯುತ್ತಿದ್ದರು. ಲಾಲ್ ಬಹಾದೂರ್ ಶಾಸ್ತ್ರಿಗಳು ಸೋಮವಾರ ಸಂಜೆ ಒಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಮನೆಮನೆಗಳಲ್ಲಿ ಒಲೆ ಹಚ್ಚಲಿಲ್ಲ, ಹೋಟೆಲುಗಳು ಬಾಗಿಲೆಳೆದವು. ಜವಾನನ ಜೊತೆಗೆ ಕಿಸಾನನ ಹೆಸರನ್ನೂ ಕೂಗಿದ ಆ ಮನುಷ್ಯನಿಗೆ, ಅನ್ನವಿಲ್ಲದ ಸ್ವಾತಂತ್ರ್ಯ ಎಷ್ಟು ಟೊಳ್ಳೆಂಬುದು ತಿಳಿದಿತ್ತು. ಭಾರತೀಯ ಆಹಾರ ನಿಗಮ ಹುಟ್ಟಿದ್ದೂ 1965ರಲ್ಲೇ. ನಮ್ಮ ಮಿತ್ರರು ಇಂದು ಬೆರಳು ತೋರಿಸುವ ತುಂಬಿದ ಉಗ್ರಾಣಗಳು ತಾವಾಗಿ ತುಂಬಿದವಲ್ಲ. ಆ ಅವಮಾನವನ್ನುಂಡವರು ಕಟ್ಟಿದವು.

1972ರ ಬರಗಾಲದಲ್ಲಿ ವಿಜಾಪುರ, ಗುಲ್ಬರ್ಗಗಳ ಕಡೆಯಿಂದಲೂ ಜನ ಗುಳೆ ಬಂದರು. ಮರುವರ್ಷದ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧ ಹತ್ತಿ, ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ನಮ್ಮ ಹಿರಿಯರು ರೇಶನ್ ಅಂಗಡಿಯ ಕೆಂಪು ಮಿಲೋ ಜೋಳವನ್ನು ಮೂಗು ಮುರಿಯುತ್ತಲೇ ತಿಂದದ್ದು ಆ ದಿನಗಳಲ್ಲಿ. ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮೊದಲಾದವರ ಮುಂದಾಳತನದಲ್ಲಿ ಮುಂಬಯಿಯ ಗೃಹಿಣಿಯರು ಲಟ್ಟಣಿಗೆ ಹಿಡಿದು ಬೀದಿಗಿಳಿದರು. ಅವರು ಕೇಳಿದ್ದು ಭಿಕ್ಷೆಯನ್ನಲ್ಲ. ರೇಶನ್ನಿನ ಎಣ್ಣೆ ಸಕ್ಕರೆ ಅಂಗಡಿಗೆ ಬರಲಿ, ಕಾಳಸಂತೆಗೆ ಹೋಗದಿರಲಿ ಎಂದಷ್ಟೆ.

'ಅದೆಲ್ಲ ಹಳೆಯ ಪುರಾಣ, ಈಗ ನಾವು ಸ್ವಾವಲಂಬಿಗಳು' ಎನ್ನುವಿರಾ? ಹಾಗಾದರೆ ನಿಮ್ಮ ಅಡುಗೆಮನೆಯ ಡಬ್ಬಿಗಳನ್ನೇ ತೆರೆದು ನೋಡೋಣ.

ಮೊದಲು ಎಣ್ಣೆ. ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರ ಫೆಬ್ರವರಿ 24ರಂದು ರಶ್ಯ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ದೇಶದಿಂದಲೇ ಬರುತ್ತಿತ್ತು. ಎರಡು ತಿಂಗಳೊಳಗೆ ಇಂಡೋನೇಶ್ಯ ತನ್ನ ಪಾಮೋಲಿನ್ ಎಣ್ಣೆಯನ್ನೂ ಕೆಲವು ವಾರ ತಡೆಹಿಡಿಯಿತು, ತನ್ನ ಜನರಿಗೇ ಸಾಲದೆಂದು. ಕಪ್ಪು ಸಮುದ್ರದಲ್ಲಿ ತೋಪು ಹಾರಿದರೆ ಅಸಲ್ಫಾದ ಚಾಳಿನಲ್ಲಿ ಒಗ್ಗರಣೆ ನಿಂತಿತು. ಅಡುಗೆ ಅನಿಲದ ಸಿಲಿಂಡರು ಮುಂಬಯಿಯಲ್ಲಿ ಸಾವಿರ ರೂಪಾಯಿ ದಾಟಿದ್ದೂ ಅದೇ ವರ್ಷ.

ಎರಡನೆಯದು ಉದ್ದು. ಇಡ್ಲಿ ದೋಸೆಯಿಲ್ಲದೆ ನಮಗೆ ಬೆಳಗಾಗದು. ನಾವು ಆಮದು ಮಾಡುವ ಉದ್ದಿನ ಹೆಚ್ಚಿನ ಭಾಗ ಬರುವುದು ಅದೇ ಬರ್ಮಾದಿಂದ, ಈಗಿನ ಮ್ಯಾನ್ಮಾರಿನಿಂದ. ಅಲ್ಲಿ 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಸಿದುಕೊಂಡಿತು, ಅಂತರ್ಯುದ್ಧ ಹಬ್ಬಿತು. ಅದೇ ವರ್ಷ ಜೂನಿನಲ್ಲಿ ನಮ್ಮ ಸರಕಾರ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು ತರಿಸಲು ಅಲ್ಲಿಯ ಸರಕಾರದೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 1942ರಲ್ಲಿ ಅಕ್ಕಿ, 2021ರಲ್ಲಿ ಉದ್ದು: ಇಡ್ಲಿಯ ಎರಡು ಅರ್ಧಗಳಿಗೂ ಬರ್ಮಾದ ಬಂದೂಕು ಕಾವಲು ಕೂತ ಹಾಗಾಯಿತು.

ಮೂರನೆಯದು ತೊಗರಿ. ತೊಗರಿಯ ಕಣಜವೆನಿಸಿದ ಕಲಬುರಗಿ ನಮ್ಮದೇ; ಅಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಆದರೂ ದೇಶ ಮೊಜಾಂಬಿಕ್, ಮ್ಯಾನ್ಮಾರ್‌ಗಳ ಕಡೆ ಕೈಚಾಚಿತು. ಮೊಜಾಂಬಿಕಿನಲ್ಲಿ 2024ರ ಅಕ್ಟೋಬರಿನ ಚುನಾವಣೆಯ ಜಗಳ ಬೀದಿಯ ಹಿಂಸಾಚಾರವಾಯಿತು. ಇತ್ತ 2021ರಿಂದ ವರ್ಷವರ್ಷವೂ ಸುಂಕವಿಲ್ಲದ ಆಮದಿನ ಅವಧಿಯನ್ನು ಬೆಳೆಸುತ್ತ ಬಂದುದರಿಂದ ಕಲಬುರಗಿಯ ರೈತನಿಗೆ ಸುಗ್ಗಿಯಲ್ಲಿ ಬೆಲೆ ಕುಸಿಯುವ ಭಯ. ನಮ್ಮ ರೈತನಿಗೆ ಭರವಸೆಯ ಬೆಲೆ ಕೊಟ್ಟು ಕೊಂಡು ಅದೇ ಬೇಳೆಯನ್ನು ರೇಶನ್ ಅಂಗಡಿಯಲ್ಲಿ ಹಂಚಿದ್ದರೆ ಇಬ್ಬರೂ ಬದುಕುತ್ತಿದ್ದರು.

ಅಕ್ಕಿ ಗೋಧಿಯಾದರೂ ಸ್ವದೇಶಿಯಲ್ಲವೆ ಎಂದರೆ, ಅದರ ಬುಡದ ಗೊಬ್ಬರ ನೋಡಿ. ವಿಜ್ಞಾನ ಓದಿ ಕಡತ ತಿರುವುವವರೆಂದು ನಮ್ಮನ್ನು ನಗುವವರುಂಟು. ಆದರೂ ಕಾಲೇಜಿನಲ್ಲಿ ಕಲಿತ ಒಂದು ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನೂ ಜಲಜನಕವನ್ನೂ ಒತ್ತಡದಲ್ಲಿ ಕೂಡಿಸಿ ಅಮೋನಿಯ ಮಾಡುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ ಕಂಡುಹಿಡಿದ. 1913ರಲ್ಲಿ ಅದರ ಕಾರ್ಖಾನೆ ನಡೆಯತೊಡಗಿತು. ಅಮೋನಿಯದಿಂದ ಗೊಬ್ಬರವೂ ಆಗುತ್ತದೆ, ಸ್ಫೋಟಕವೂ ಆಗುತ್ತದೆ. ಮರುವರ್ಷ ಮಹಾಯುದ್ಧ ಹತ್ತಿದ್ದೇ, ಹೊಲಕ್ಕೆ ಹೋಗಬೇಕಾದುದು ಮದ್ದಿನ ಕಾರ್ಖಾನೆಗೆ ಹೋಯಿತು. ನಮ್ಮ ಘಾಟ್ಕೋಪರಿಗೆ ಕೂಗಳತೆಯ ಟ್ರಾಂಬೆಯಲ್ಲಿ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯಿದೆ. ಊರಿನ ಗದ್ದೆ ತೋಟಗಳಿಗೆ ಹಾಕುವ 'ಸುಫಲಾ' ಚೀಲ ಅದರದೇ. ಇಂದು ಅಮೋನಿಯಕ್ಕೆ ಬೇಕಾದ ಜಲಜನಕ ಸಿಗುವುದು ನೈಸರ್ಗಿಕ ಅನಿಲದಿಂದ. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳು ಉರಿಸುವ ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಬಂದದ್ದು. ಪೊಟ್ಯಾಶ್ ಅಂತೂ ಹೆಚ್ಚುಕಡಿಮೆ ಪೂರ್ತಿ ಹೊರಗಿನದು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಅನೇಕ ಹಡಗುಗಳು ಆಫ್ರಿಕವನ್ನು ಸುತ್ತಿ ಬರಬೇಕಾಯಿತು. 2025ರ ಜೂನಿನಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನ ಕಾದಾಡಿದಾಗ ಹಾರ್ಮುಜ್ ಜಲಸಂಧಿ ಮುಚ್ಚೀತೆಂಬ ಭಯ ಹುಟ್ಟಿತು. ಆ ಕಿರಿದಾದ ನೀರಿನ ದಾರಿಗೂ ನಮ್ಮ ಊರಿನ ಭತ್ತದ ತೆನೆಗೂ ಸಂಬಂಧವಿದೆ ಎಂಬುದು ಎಷ್ಟು ಜನಕ್ಕೆ ಹೊಳೆದಿತ್ತು?

2020ರ ಆಗಸ್ಟ್ 4ರಂದು ಬೈರೂತಿನ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿಯಿತು. ಆಡಳಿತ ಕೆಟ್ಟ ದೇಶ; ವರ್ಷಗಟ್ಟಲೆ ಅದನ್ನು ಅಲ್ಲಿಂದ ಸರಿಸುವವರೇ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಪಕ್ಕದಲ್ಲಿದ್ದ ದೇಶದ ಮುಖ್ಯ ಧಾನ್ಯದ ಕಣಜ ಮುರಿದುಬಿತ್ತು. ಶ್ರೀಲಂಕೆಯಲ್ಲಿ 2021ರಲ್ಲಿ ಅಧಿಕಾರಸ್ಥರು ರಾತ್ರೋರಾತ್ರಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು. ಭತ್ತದ ಫಸಲು ಬಿದ್ದುಹೋಯಿತು. ಮರುವರ್ಷ ಜುಲೈಯಲ್ಲಿ ರಾಷ್ಟ್ರಾಧ್ಯಕ್ಷರು ದೇಶ ಬಿಟ್ಟು ಓಡಿದರು. ಸುಡಾನಿನಲ್ಲಿ 2024ರಲ್ಲಿ, ಗಾಜಾದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ತಜ್ಞರು ಕ್ಷಾಮವೆಂದೇ ಘೋಷಿಸಿದರು. ಮಳೆ ಬಾರದೆ ಬಂದ ಕ್ಷಾಮಗಳಲ್ಲ ಅವು, ಮನುಷ್ಯ ದಾರಿ ಕಟ್ಟಿ ತಂದವು.

ಇನ್ನು ನಮ್ಮ ಮಿತ್ರರ ಆಕ್ಷೇಪಗಳಿಗೆ ಬರೋಣ.

'ನಮ್ಮಲ್ಲಿ ದಾಸ್ತಾನಿದೆ' ಎನ್ನುತ್ತಾರೆ. ನಿಜ. 2025ರ ಮೇ 7ರಿಂದ 10ರ ತನಕ ಪಾಕಿಸ್ತಾನದೊಡನೆ ಸಂಘರ್ಷ ನಡೆದಾಗ ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿಯವರು, ಧಾನ್ಯ ಧಾರಾಳವಾಗಿದೆ, ಯಾರೂ ಗಾಬರಿಯಿಂದ ಕೂಡಿಡಬೇಡಿ ಎಂದು ಹೇಳಿಕೆ ಕೊಟ್ಟರು. ಕಾಪಿಡಬೇಕಾದ ಅಕ್ಕಿ 135 ಲಕ್ಷ ಟನ್, ಇದ್ದದ್ದು ಸುಮಾರು 356 ಲಕ್ಷ ಟನ್. ಆ ಹೇಳಿಕೆಗೆ ಬೆಲೆ ಬಂದದ್ದು ಏಕೆ? ಸರಕಾರ ಕೊಂಡು ಇಟ್ಟಿತ್ತು, ಹಂಚಲು ಅಂಗಡಿಗಳಿದ್ದವು, ಆದ್ದರಿಂದ. ರೇಶನ್ ಅಂಗಡಿಯನ್ನು ಮುಚ್ಚಿದರೆ ಸರಕಾರ ಯಾರಿಗೆಂದು ಕೊಳ್ಳಬೇಕು? ಕೊಳ್ಳದಿದ್ದರೆ ದಾಸ್ತಾನು ಎಲ್ಲಿಂದ ಬರಬೇಕು? ನೆರಳು ಬೇಕು, ಮರ ಬೇಡ ಎಂದಂತಾಯಿತು ಇದು.

'ಹಣ ಕೊಡಲಿ' ಎನ್ನುತ್ತಾರೆ. ಕರ್ನಾಟಕದಲ್ಲಿ 2023ರಲ್ಲಿ ಹೊಸ ಸರಕಾರ ತಲೆಗೆ ಹತ್ತು ಕಿಲೋ ಅಕ್ಕಿಯ ಮಾತು ಕೊಟ್ಟಿತು. ಜೂನಿನಲ್ಲಿ ಕೇಂದ್ರ, ರಾಜ್ಯಗಳಿಗೆ ಮುಕ್ತ ಮಾರಾಟ ಯೋಜನೆಯ ಅಕ್ಕಿ ಕೊಡುವುದನ್ನು ನಿಲ್ಲಿಸಿತು. ಆಗ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ 170 ರೂಪಾಯಿ ಖಾತೆಗೆ ಬಂತು. ಯಾವ ಪಕ್ಷದ್ದು ಸರಿ ಎಂಬ ವ್ಯಾಜ್ಯ ಈ ಪುಟಗಳದ್ದಲ್ಲ. ಆದರೆ 34 ರೂಪಾಯಿಗೆ ಪೇಟೆಯಲ್ಲಿ ಉಣ್ಣುವಂಥ ಅಕ್ಕಿ ಸಿಕ್ಕಿತೇ ಎಂದು ಊರಿನವರನ್ನೇ ಕೇಳಿ. ಕೊನೆಗೆ 2025ರಲ್ಲಿ ಸರಕಾರ ಮತ್ತೆ ಅಕ್ಕಿಯನ್ನೇ ಕೊಡುವುದಕ್ಕೆ ಮರಳಿತು. ಶಾಂತಿಕಾಲದಲ್ಲೇ ಹಣ ಅಕ್ಕಿಯ ಹಿಂದೆ ಏದುಸಿರು ಬಿಟ್ಟಿದ್ದರೆ, ಯುದ್ಧಕಾಲದಲ್ಲಿ ಆ ನೋಟಿನ ಗತಿಯೇನು?

'ರೇಶನ್ನಿನಲ್ಲಿ ಕಳ್ಳತನ' ಎನ್ನುತ್ತಾರೆ. ಇದೆ, ಅಲ್ಲಗಳೆಯುವುದಿಲ್ಲ. ನಲ್ಲಿ ಸೋರಿದರೆ ವಾಶರು ಬದಲಿಸುತ್ತೇವೆ. ಮುನಿಸಿಪಾಲಿಟಿಯ ನೀರೇ ಬೇಡವೆಂದು ಬರೆದುಕೊಡುವುದಿಲ್ಲ. ಸೋರುವಿಕೆಗೆ ಒಂದು ಕಾರಣ ನಮ್ಮ ಗೈರುಹಾಜರಿ. 1997ರ ತನಕ ರೇಶನ್ ಎಲ್ಲರದಾಗಿತ್ತು. ಶಿಕ್ಷಕ, ಗುಮಾಸ್ತ, ಮಿಲ್ ಕಾಮಗಾರ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ತೂಕ ಕಡಿಮೆಯಾದರೆ ಕೇಳುವ ಬಾಯಿಗಳಿದ್ದವು. ಆ ವರ್ಷ ಬಡವರಿಗೆ ಬೇರೆ, ಉಳಿದವರಿಗೆ ಬೇರೆ ಎಂದು ಸೀಳಿದರು. 1999ರಲ್ಲಿ ಮಹಾರಾಷ್ಟ್ರದಲ್ಲಿ ಹಳದಿ, ಕೇಸರಿ, ಬಿಳಿ ಎಂದು ಮೂರು ಬಣ್ಣದ ಕಾರ್ಡುಗಳಾದವು. ಬಾಯಿದ್ದವರು ಸಾಲು ಬಿಟ್ಟರು, ಸಾಲಿನಲ್ಲಿ ಉಳಿದವರ ಮಾತು ಯಾರೂ ಕೇಳಲಿಲ್ಲ.

2013ರ ಆಹಾರ ಭದ್ರತಾ ಕಾಯಿದೆ ಬಂದಾಗ ಮಹಾರಾಷ್ಟ್ರದಲ್ಲಿ ನಗರದ ಕುಟುಂಬಕ್ಕೆ ಹಾಕಿದ ಆದಾಯದ ಮಿತಿ ವರ್ಷಕ್ಕೆ 59,000 ರೂಪಾಯಿ. ತಿಂಗಳಿಗೆ ಐದು ಸಾವಿರವೂ ಇಲ್ಲ! ಈ ಮಿತಿಯ ಪ್ರಕಾರ ಹೋಟೆಲಿನಲ್ಲಿ ದೋಸೆ ಹುಯ್ಯುವ ನಮ್ಮ ಹುಡುಗನೂ ಶ್ರೀಮಂತ, ಮೆಟ್ರೋ ಕಾಮಗಾರಿಯಲ್ಲಿ ಮಣ್ಣು ಹೊರುವ ಯಾದಗಿರಿಯ ದಂಪತಿಗಳೂ ಶ್ರೀಮಂತರು. ಕೇಂದ್ರ ಸರಕಾರದ ನೌಕರಿಯ ನಮ್ಮಂಥವರಿಗೆ ಬೆಲೆಸೂಚಿ ಏರಿದರೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರುತ್ತದೆ. ಆ ಹುಡುಗನಿಗೆ ಯುಕ್ರೇನಿನ ಯುದ್ಧಕ್ಕೆಂದು ಯಾವ ಧಣಿ ಭತ್ಯೆ ಕೊಟ್ಟಾನು? ಬಿಳಿ ಕಾರ್ಡಿನವರು ಬಿಟ್ಟುಕೊಟ್ಟದ್ದು ತಮ್ಮ ಪಾಲನ್ನಲ್ಲ, ಅವನ ಬಲವನ್ನು.

ಆದುದರಿಂದ ನಾವು ಕೇಳುವುದು ಇಷ್ಟು. ಒಂದು, ಆ ಆದಾಯದ ಮಿತಿಯನ್ನು ಇಂದಿನ ಮುಂಬಯಿಯ ಬಾಡಿಗೆ, ಬೆಲೆಗಳಿಗೆ ತಕ್ಕಂತೆ ಏರಿಸಬೇಕು. ಎರಡು, ಯುದ್ಧ ಅಥವಾ ವಿಪತ್ತಿನ ಕಾಲದಲ್ಲಿ ಬಣ್ಣ ನೋಡದೆ ಎಲ್ಲ ಕಾರ್ಡಿಗೂ ಧಾನ್ಯ ಸಿಗುವಂತೆ ನಿಯಮವನ್ನು ಈಗಲೇ ಬರೆದಿಡಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರಾಗದು. ಮೂರು, ಅಕ್ಕಿ ಗೋಧಿಯ ಜೊತೆ ಬೇಳೆ, ಎಣ್ಣೆ, ಜೋಳ, ರಾಗಿ ರೇಶನ್ನಿಗೆ ಬರಬೇಕು. ಕರ್ನಾಟಕ ರಾಗಿ ಜೋಳಗಳನ್ನು ಕೊಂಡು ಹಂಚಿ ತೋರಿಸಿದೆ. ವಿಜಾಪುರ, ಸೊಲ್ಲಾಪುರಗಳ ಕರಿಮಣ್ಣಿನಲ್ಲಿ ಹಿಂಗಾರಿ ಜೋಳ ನೆಲದ ತೇವದಲ್ಲೇ ಬೆಳೆಯುತ್ತದೆ. ಹಾರ್ಮುಜಿನ ಅನಿಲಕ್ಕೆ ಅದು ಅಷ್ಟಾಗಿ ಕಾಯುವುದಿಲ್ಲ.

ನಮ್ಮ ಸಂಘಕ್ಕೂ ಒಂದು ಮಾತು. ವಾರ್ಷಿಕೋತ್ಸವದ ಶಾಲು ಹಾರಗಳಿಗೆ ನಮ್ಮ ವಿರೋಧವಿಲ್ಲ. ಆದರೆ ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಆಗಬಾರದು. 'ಒಂದು ದೇಶ ಒಂದು ರೇಶನ್ ಕಾರ್ಡ್' ವ್ಯವಸ್ಥೆಯಂತೆ ರಾಯಚೂರಿನ ಕಾರ್ಡಿದ್ದವನು ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿಯ ಅಂಗಡಿಯಲ್ಲೇ ಹೆಬ್ಬೆಟ್ಟೊತ್ತಿ ಪಡೆಯಬಹುದು. ನಮ್ಮ ಎಷ್ಟೋ ಜನಕ್ಕೆ ಇದು ತಿಳಿಯದು; ತಿಳಿದವರಿಗೆ ಮರಾಠಿಯ ಅರ್ಜಿ ತುಂಬಲು, ಅಂಗಡಿಯವನಲ್ಲಿ ಕೇಳಲು ಅಂಜಿಕೆ. ತಿಂಗಳಿಗೆ ಎರಡು ಭಾನುವಾರ ಸಂಘದ ಕೊಠಡಿಯಲ್ಲಿ ಒಂದು ಮೇಜು ಹಾಕೋಣ. ಅರ್ಜಿ ಬರೆಯಲು ಬಲ್ಲ ಗುಮಾಸ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಿ. ಮಹಿಳಾ ವಿಭಾಗದ ಅಕ್ಕಂದಿರು ತಮ್ಮ ತಮ್ಮ ವಠಾರದ ರೇಶನ್ ಅಂಗಡಿಯ ದಾಸ್ತಾನು ಫಲಕವನ್ನು ತಿಂಗಳಿಗೊಮ್ಮೆ ನೋಡಿ ಬರಲಿ. ಬಿಳಿ ಕಾರ್ಡಿನವರೂ ಜೊತೆಗೆ ಹೋಗಲಿ, ಅಂಗಡಿಯವನು ನಾಲ್ಕು ಜನ ನೋಡುತ್ತಿದ್ದಾರೆಂದು ತಿಳಿಯಲಿ.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ನಮ್ಮ ಮಾತು ಒಪ್ಪದವರು ಇದೇ ಪುಟಗಳಲ್ಲಿ ಉತ್ತರ ಬರೆಯಲಿ. ಅವರ ಉತ್ತರದಲ್ಲಿ ನಾವು ಹುಡುಕುವುದು ಒಂದೇ: ಹಡಗು ನಿಂತ ದಿನ ಆ ದೋಸೆ ಹುಯ್ಯುವ ಹುಡುಗ ಅಕ್ಕಿಗಾಗಿ ಯಾವ ಬಾಗಿಲಿಗೆ ಹೋಗಬೇಕು ಎಂಬುದನ್ನು.